ತಮ್ಮನ ಡಬ್ಬಿ

ಈಗ ಬಾಯಿಬಿಟ್ಟರೆ ಮಾನ ಹೋಗುತ್ತದೆ, ಬಿಡದಿದ್ದರೆ? ವೈದ್ಯರ ಮುಂದೆ ಕೂತ ಸೋಫಾ ರಿಪೇರಿಯವನಿಗೆ ತನ್ನ ಕಿವಿ ಸುಡುತ್ತಿರುವುದು ಬಿಟ್ಟರೆ ಬೇರೇನೂ ಗೊತ್ತಾಗುತ್ತಿರಲಿಲ್ಲ. ಅವನ ಕರುಳಿನ ಉರಿಯೂತ ಹಳೆಯದು. ಮಾತ್ರೆಗೆ ಅಡಗಿ, ನೋವು, ರಕ್ತ ಯಾವುದೂ ಕಾಣದೆ ವರ್ಷಗಳೇ ಆಗಿದ್ದವು. ಆದರೂ ಆಗಾಗ ಮಲದ ಪರೀಕ್ಷೆ ತಪ್ಪಿದ್ದಲ್ಲ. ಅದು ಕೆಟ್ಟು ಬಂದರೆ ಹೊಟ್ಟೆ ಖಾಲಿ ಮಾಡಿಸಿ, ಮಗ್ಗುಲಾಗಿ ಮಲಗಿಸಿ, ಹಿಂದಿನಿಂದ ಕ್ಯಾಮೆರಾ ಹಾಕುತ್ತಾರೆ. ಆ ನಾಚಿಕೆ ಮತ್ತೆ ಬೇಡವೆಂದೇ ಈ ಸಲ ಅಂಗಡಿಯಲ್ಲಿ ಜೊತೆಗೆ ದುಡಿಯುವ ತಮ್ಮನ ಕೈಗೆ ಡಬ್ಬಿ ಕೊಟ್ಟಿದ್ದ.

"ಅಪ್ಪನ ಅಂಗಡೀಲಿ ಪಾಲು ಆಯ್ತು, ಈಗ ಇದರಲ್ಲೂ ಪಾಲು ಬೇಕಾ ಅಣ್ಣ?" ತಮ್ಮ ಬಿದ್ದು ಬಿದ್ದು ನಕ್ಕಿದ್ದ. ಆದರೂ ಅಣ್ಣನ ಬದಲು ತನ್ನದನ್ನೇ ಡಬ್ಬಿಗೆ ತುಂಬಿಸಿ ತಂದಿದ್ದ.

"ತೊಂದರೆ ಏನೂ ಇಲ್ಲ ಅಂದ ಮಾತ್ರಕ್ಕೆ ಕರುಳು ಸುಮ್ನಿದೆ ಅಂತಲ್ಲ," ವೈದ್ಯರು ವರದಿಯನ್ನು ಅವನತ್ತ ತಿರುಗಿಸಿದರು. "ಉರಿಯೂತ ಜೋರಾಗಿದೆ. ಕ್ಯಾಮೆರಾ ಹಾಕ್ಲೇಬೇಕು."

"ಹೊರಗೆ ತಿನ್ಬೇಡಿ ಅಂತ ಬಡ್ಕೊಂಡೆ," ಪಕ್ಕದಲ್ಲಿ ಕೂತಿದ್ದ ಹೆಂಡತಿ ಗೊಣಗಿದಳು. ಅವಳ ಕೈ ಮಾತ್ರ ಅವನ ಮೊಣಕೈಯನ್ನು ಬಿಗಿಯಾಗಿ ಹಿಡಿದಿತ್ತು. ಅವನು ತಲೆತಗ್ಗಿಸಿದ.

"ತಮ್ಮನಿಗೆ ಹೇಳ್ಬೇಡ," ಎಂದ ಹೊರಗೆ ಬಂದು. "ಗಾಬರಿ ಬೀಳ್ತಾನೆ."

"ಈ ಸ್ಥಿತೀಲೂ ಅವನದೇ ಚಿಂತೆ ನಿಮಗೆ," ಎಂದು ಅವಳು ಕಣ್ಣೊರೆಸಿಕೊಂಡಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅಂಗಡಿಯಲ್ಲಿ ತಮ್ಮ ಕುರ್ಚಿಯೊಂದನ್ನು ಮಗುಚಿ ಹಾಕಿ ಬಟ್ಟೆ ಎಳೆಯುತ್ತಿದ್ದ.

"ಏನಣ್ಣ, ನಾನು ಪಾಸಾ?"

"ಹೂಂ."

"ನೋಡ್ದಾ! ಕಲ್ಲು ತಿಂದ್ರೂ ಅರಗಿಸ್ಕೊಳ್ಳೋ ಹೊಟ್ಟೆ ಇದು."

"ನೀನೂ ಒಂದ್ಸಲ ತೋರಿಸ್ಕೋ. ಒಬ್ಬರಿಗಿದ್ರೆ ಒಡಹುಟ್ಟಿದೋರಿಗೂ ಬರಬಹುದಂತೆ."

"ಪಾಸಾದೋನನ್ನ ಯಾಕೆ ಮತ್ತೆ ಪರೀಕ್ಷೆಗೆ ಕೂರಿಸ್ತೀಯ? ಬಾ, ಮೊಳೆ ಹೊಡಿ."

ಅಣ್ಣ ಸಣ್ಣ ಮೊಳೆಗಳನ್ನು ಎಂದಿನಂತೆ ತುಟಿಗಳ ನಡುವೆ ಕಚ್ಚಿಕೊಂಡ. ಎಂದಿಗಿಂತ ಹೆಚ್ಚೇ ಕಚ್ಚಿಕೊಂಡ. ತಮ್ಮ ಬಟ್ಟೆಯನ್ನು ಬಿಗಿಹಿಡಿದ, ಇವನು ಒಂದೊಂದೇ ಮೊಳೆ ತೆಗೆದು ಹೊಡೆದ. ಕೊನೆಯದೂ ಮುಗಿದು ಬಾಯಿ ಖಾಲಿಯಾಯಿತು. ತಮ್ಮ ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿ, ಅದರ ಮೇಲೆ ಕೂತು, ಆರಾಮಾಗಿ ಕಾಲು ಚಾಚಿದ.

ಕೆಟ್ಟು ಬಂದದ್ದು ನಿನ್ನ ಡಬ್ಬಿ ಎಂದು ಅವನು ತಮ್ಮನಿಗೆ ಹೇಳಲೇ ಇಲ್ಲ.