ಕಣ್ಣು ನಿಂದು, ಅಭಿಪ್ರಾಯ ನಂದು

ನಮ್ಮ ಮನೆಯಲ್ಲಿ ಟಿವಿ ನೋಡುವುದು ಇಬ್ಬರು ಸೇರಿ ಮಾಡುವ ಕೆಲಸ. ನೋಡುವವನು ನಾನು. ಅದು ಚೆನ್ನಾಗಿದೆಯೋ ಕೆಟ್ಟದಾಗಿದೆಯೋ ಎಂದು ಹೇಳುವವಳು ನನ್ನ ಅಕ್ಕ. ಅಕ್ಕನ ಒಂದು ಕಣ್ಣು ಪೂರ್ತಿ ಹೋಗಿದೆ. ಇನ್ನೊಂದರಲ್ಲಿ ಬರೀ ಬೆಳಕು ಉಳಿದಿದೆ. ಕಿಟಕಿ ಯಾವ ಕಡೆಗಿದೆ, ಟಿವಿ ಹಚ್ಚಿದೆಯೋ ಆರಿಸಿದೆಯೋ, ಅಷ್ಟು ಮಾತ್ರ ತಿಳಿಯುತ್ತದೆ.

"ಕಣ್ಣು ನಿಂದು, ಅಭಿಪ್ರಾಯ ನಂದು. ಎರಡನ್ನೂ ಕಲಸಬೇಡ" ಎಂದು ಅವಳು ಮೊದಲೇ ಕರಾರು ಹಾಕಿದ್ದಳು. ಟಿವಿಯೊಳಗಿನವರು ಮಾತಾಡುವಾಗ ನಾನು ಬಾಯಿ ತೆರೆಯುವಂತಿಲ್ಲ, ಅದು ಅವಳಿಗೇ ಕೇಳಿಸುತ್ತದೆ. ಮಾತು ನಿಂತಾಗ ಮಾತ್ರ ನನ್ನ ಸರದಿ. ಯಾರು ಯಾರ ಮುಖ ನೋಡಿದರು, ಬಾಗಿಲ ಸಂದಿಯಲ್ಲಿ ಯಾರು ನಿಂತಿದ್ದಾರೆ, ಅಷ್ಟು ಹೇಳಿ ಸುಮ್ಮನಾಗಬೇಕು. ನನಗೂ ಅದೇ ಹಿತ. ಜೀವಮಾನವೆಲ್ಲ ಬೇರೆಯವರ ಬಟ್ಟೆ ರಿಪೇರಿ ಮಾಡಿದವನು ನಾನು. ಉದ್ದ ಪ್ಯಾಂಟು ಗಿಡ್ಡ ಮಾಡುವುದು, ಜಿಪ್ ಬದಲಿಸುವುದು, ದಪ್ಪಗಾದವರ ಕೋಟು ಬಿಚ್ಚಿ ಸಡಿಲಿಸುವುದು. ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿದ್ದು ಮಾತು ಅಭ್ಯಾಸವಾಗಲೇ ಇಲ್ಲ. ಅಕ್ಕ ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ, ಮೂಕಪ್ಪ ಎನ್ನುತ್ತಾಳೆ. ಹೆಂಡತಿ ತೀರಿಕೊಂಡ ಮೇಲೆ ಹೊಲಿಗೆ ಮಿಷನ್ನು ಹೊತ್ತುಕೊಂಡು ಬಂದು ಅವಳ ಮನೆಯ ಕಿಟಕಿಯ ಪಕ್ಕ ಕೂತವನು, ಅಲ್ಲೇ ಇದ್ದೇನೆ.

ಅಕ್ಕ ಕೆಲಸದಲ್ಲಿದ್ದಷ್ಟು ಕಾಲ ಒಂದು ದೊಡ್ಡ ಹೋಟೆಲಿನ ಟೆಲಿಫೋನ್ ಬೋರ್ಡಿನ ಮುಂದೆ ಕೂತಿದ್ದವಳು. ಯಾರ ಹಲೋ ಹಿಂದೆ ಜಗಳವಿದೆ, ಯಾರ ಹಲೋ ಹಿಂದೆ ಜ್ವರವಿದೆ ಎಂದು ಅವಳ ಕಿವಿ ಅಳೆದುಬಿಡುತ್ತದೆ. ಈಚೆಗೆ ಎಲ್ಲರೂ ಹೊಗಳುತ್ತಿದ್ದ ಕೊಲೆಯ ಸಿನಿಮಾ ಒಂದನ್ನು ಅವಳ ಮಗಳು ಹಾಕಿದಳು. ಮಗಳು ಸಿಟಿ ಬಸ್ ಓಡಿಸುತ್ತಾಳೆ. ಅಮ್ಮನ ಬಾಯಲ್ಲಿ ಅವಳು ಡ್ರೈವರಮ್ಮ. ಸಿನಿಮಾ ಅರ್ಧಕ್ಕೂ ಬಂದಿರಲಿಲ್ಲ, ಬಟಾಣಿ ಬಿಡಿಸುತ್ತಾ ಕೂತಿದ್ದ ಅಕ್ಕ ಹೇಳಿಯೇಬಿಟ್ಟಳು.

"ವಕೀಲನೇ ಕೊಂದಿದ್ದು."

"ಅಮ್ಮಾ! ಇನ್ನೂ ಮುಕ್ಕಾಲು ಸಿನಿಮಾ ಬಾಕಿ ಇದೆ, ಸುಮ್ನಿರು."

"ಹೆಣ ಸಿಕ್ತು ಅಂದಾಗ ಎಲ್ಲರೂ ಅಯ್ಯೋ ಅಂದ್ರು. ಅವನೊಬ್ಬ ಗಟಗಟ ನೀರು ಕುಡಿದ. ತಪ್ಪು ಮಾಡಿದವನಿಗೇ ಕಣೇ ಮೊದಲು ಗಂಟಲು ಒಣಗೋದು."

ಕೊನೆಗೆ ವಕೀಲನೇ ಸಿಕ್ಕಿಬಿದ್ದ. ಅಡುಗೆ ಸ್ಪರ್ಧೆಯ ಕಾರ್ಯಕ್ರಮವೊಂದು ಶುರುವಾದಾಗಲೂ ಹಾಗೇ. ಬರೀ ಹೊಗಳೋದು ಕೇಳಿಸ್ತಿದೆ, ಜಗಿಯೋ ಸದ್ದೇ ಇಲ್ಲ, ಅಲ್ಲಿ ಯಾರೂ ತಿಂತಾ ಇಲ್ಲ ಎಂದಳು. ಕಣ್ಣಿಟ್ಟು ನೋಡಿದೆ. ನಿಜವೇ, ತುಟಿಗೆ ತಾಗಿಸಿ ಇಟ್ಟುಬಿಡುತ್ತಿದ್ದರು. ದೊಡ್ಡ ಯುದ್ಧದ ಸಿನಿಮಾದ ಬಗ್ಗೆ ಅವಳು ಹೇಳಿದ್ದು ಒಂದೇ ಮಾತು: "ಗುಂಡಿನ ಸದ್ದಿದೆ, ಹೆದರಿಕೆ ಸದ್ದಿಲ್ಲ."

ಇಷ್ಟು ಖಾರದ ಹೆಂಗಸು ದಿನಾ ಸಂಜೆ ಬರುವ ಒಂದು ಧಾರಾವಾಹಿಗೆ ಮಾತ್ರ ಹೇಗೆ ಸೋತಳೋ ತಿಳಿಯದು. ಅದರಲ್ಲಿ ಒಂದು ತುಂಬಿದ ಮನೆ, ಮೂವರು ಸೊಸೆಯರು. ಅಪಘಾತವೊಂದರಲ್ಲಿ ಹಿರಿಸೊಸೆಯ ಕಣ್ಣು ಹೋಯಿತು. ಅಕ್ಕ ಮೊದಮೊದಲು ನಕ್ಕಳು.

"ಕಣ್ಣು ಹೋದ ತಕ್ಷಣ ಇವಳ ದನಿ ಯಾಕೆ ಇಷ್ಟು ಮೆತ್ತಗಾಯ್ತು? ನಂದು ಆಯ್ತಾ?"

"ನಿಂದು ಇನ್ನೂ ಜೋರಾಯ್ತು" ಎಂದಳು ಮಗಳು, ಡ್ಯೂಟಿಯ ಚೀಲವನ್ನು ಮೊಳೆಗೆ ನೇತುಹಾಕುತ್ತಾ.

ಆದರೆ ದಿನ ಕಳೆದಂತೆ ಅಕ್ಕ ಅಭಿಪ್ರಾಯ ಹೇಳುವುದನ್ನು ಬಿಟ್ಟಳು. ಬಟಾಣಿ ಬಿಡಿಸುವ ಕೈ ನಿಲ್ಲುತ್ತಿತ್ತು. "ಈಗ ಏನು ಮಾಡ್ತಿದಾಳೆ? ಗೋಡೆ ಹಿಡಿದು ನಡೀತಿದಾಳಾ, ಹಾಗೇ ನಡೀತಿದಾಳಾ?" ಎಂದು ಕೇಳುತ್ತಿದ್ದಳು. ನನಗೆ ಆಗಲೇ ಒಳಗೊಳಗೇ ದಿಗಿಲು ಹತ್ತಿತು.

ಯಾಕೆಂದರೆ ಆ ಹೊತ್ತಿಗೇ ಆಸ್ಪತ್ರೆಯ ಮಾತೂ ನಡೆದಿತ್ತು. ಡಾಕ್ಟರು ಬಿಡಿಸಿ ಹೇಳಿದ್ದರು. "ಪೊರೆ ತೆಗೀಬಹುದು. ಒಳಗಿನ ನರ ಎಷ್ಟು ಉಳಿದಿದೆ ಅಂತ ತೆಗೆದ ಮೇಲೇ ಗೊತ್ತಾಗೋದು. ಕಾಣಬಹುದು, ಕಾಣದೇನೂ ಇರಬಹುದು. ಸುಮ್ನೆ ಬಿಟ್ರೆ ಮಾತ್ರ ಈಗಿರೋ ಬೆಳಕೂ ಹೋಗುತ್ತೆ."

ಬಸ್ಸಿನಲ್ಲಿ ಬರುವಾಗ ಅಕ್ಕ ಗೊಣಗಿದಳು. "ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಹೇಳ್ತಾರೆ. ಆ ಕಣ್ಣಿಗೂ ಇದೇ ಮಾತು ಹೇಳಿದ್ರು. ಪಟ್ಟಿ ಬಿಚ್ಚಿದಾಗ ಏನಾಯ್ತು? ಇರೋ ಚೂರು ಬೆಳಕನ್ನೂ ಕೈಯಾರೆ ಕಳ್ಕೊಳ್ಳಲಾ?"

ಆ ಕಣ್ಣಿನ ಪಟ್ಟಿ ಬಿಚ್ಚಿದ ದಿನ ನಾನು ಎದುರಿಗೇ ಇದ್ದೆ. ಅವಳು ಅಳಲಿಲ್ಲ. ಕೋಣೆಯಲ್ಲಿ ದೀಪ ಹಾಕಿದ್ದೀರಾ ಎಂದು ಮೆಲ್ಲಗೆ ಕೇಳಿದಳು. ಹಾಕಿದ್ದರು.

ಆಸ್ಪತ್ರೆಯಿಂದ ಫೋನು ಬಂತು. ಸೋಮವಾರ ಬೆಳಿಗ್ಗೆ ಬರಬೇಕು, ಅದು ತಪ್ಪಿದರೆ ಮತ್ತೆ ಎಷ್ಟೋ ತಿಂಗಳು ಕಾಯಬೇಕು. ಧಾರಾವಾಹಿಯ ಹಿರಿಸೊಸೆಗೂ ಆ ವಾರವೇ ಆಪರೇಷನ್ ಆಯಿತು. ಶುಕ್ರವಾರ ಪಟ್ಟಿ ಬಿಚ್ಚುತ್ತಾರೆ ಎಂದು ಜಾಹೀರಾತಿನ ಮೇಲೆ ಜಾಹೀರಾತು.

"ಅವಳಿಗೆ ಕಾಣಿಸಿದರೆ ನಾನೂ ಹೋಗ್ತೀನಿ" ಎಂದಳು ಅಕ್ಕ. "ಇಲ್ಲದಿದ್ರೆ ನನ್ನ ತಂಟೆಗೆ ಬರಬೇಡಿ."

ಮಗಳು ನಕ್ಕಳು. "ಅವಳು ನಟಿ ಕಣಮ್ಮ. ಸಂಜೆ ಮೇಕಪ್ ತೊಳ್ಕೊಂಡು ಕಾರು ಓಡಿಸ್ಕೊಂಡು ಮನೆಗೆ ಹೋಗ್ತಾಳೆ."

"ನನಗೇನು ಅಷ್ಟು ಗೊತ್ತಾಗಲ್ವಾ? ಆದರೂ ಯಾವುದಾದರೂ ಒಂದು ಕಡೆಯಿಂದ ಹೂಂ ಅಂತ ಬರಬೇಕಲ್ಲ. ಡಾಕ್ಟರು ಅನ್ನಲಿಲ್ಲ. ನೀನು ಬಯ್ತೀಯ. ಇವನು ಮೂಕಪ್ಪ."

ತಮಾಷೆ ಎಂದುಕೊಂಡಿದ್ದೆವು. ಗುರುವಾರ ಮಗಳು ಆಸ್ಪತ್ರೆಗೆ ಒಯ್ಯುವ ಚೀಲಕ್ಕೆ ಬಟ್ಟೆ ತುಂಬಿಟ್ಟರೆ, ಅಕ್ಕ ತಡವಿಕೊಂಡು ಹೋಗಿ ಎಲ್ಲವನ್ನೂ ತೆಗೆದು ವಾಪಸ್ ಬೀರುವಿನಲ್ಲಿಟ್ಟಳು. ಮಡಿಕೆ ಕೆಡದಂತೆ ಇಟ್ಟಿದ್ದಳು. ಅದನ್ನು ನೋಡಿದ ಮೇಲೆ ತಮಾಷೆಯಲ್ಲ ಎಂದು ಗೊತ್ತಾಯಿತು.

ಅಡುಗೆಮನೆಯಲ್ಲಿ ಮಗಳು ನನ್ನ ಹತ್ತಿರ ಬಂದು ನಿಂತಳು. ಪಾತ್ರೆ ಒರೆಸುತ್ತಾ, ನನ್ನ ಮುಖ ನೋಡದೆ ಹೇಳಿದಳು. "ಮಾಮ, ಹೇಗಿದ್ರೂ ನೋಡೋನು ನೀನು. ಅಮ್ಮ ನಂಬೋದು ನೀನು ಹೇಳಿದ್ದನ್ನೇ."

ಅದಕ್ಕಿಂತ ಹೆಚ್ಚು ಅವಳು ಹೇಳಲಿಲ್ಲ. ಬೇಕಾಗಿಯೂ ಇರಲಿಲ್ಲ.

ಆ ದಿನವೆಲ್ಲ ಒಂದು ಹಳೆಯ ಕೋಟಿನ ಒಳಗಿನ ಅಸ್ತರು ಬಿಚ್ಚುತ್ತಾ ಕೂತಿದ್ದರೂ ಮನಸ್ಸು ಅಲ್ಲಿರಲಿಲ್ಲ. ನಾವು ಚಿಕ್ಕವರಿದ್ದಾಗ ಸಿನಿಮಾ ಮಂದಿರದ ಹಿಂದಿನ ಗೋಡೆಯಲ್ಲಿ ಎತ್ತರಕ್ಕೆ ಒಂದು ಗಾಳಿಗಿಂಡಿ ಇತ್ತು. ಅದರ ಕೆಳಗೆ ಎಣ್ಣೆಯ ಡ್ರಮ್ಮು. ಡ್ರಮ್ಮಿನ ಮೇಲೆ ನಿಂತರೂ ನನಗೆ ಕಿಂಡಿ ಎಟುಕುತ್ತಿರಲಿಲ್ಲ, ಅಕ್ಕನಿಗೆ ಎಟುಕುತ್ತಿತ್ತು. ಅವಳು ನೋಡಿ ಹೇಳುತ್ತಿದ್ದಳು, ನಾನು ಗೋಡೆಗೆ ಕಿವಿಯಿಟ್ಟು ಕೆಳಗೆ ಕೂರುತ್ತಿದ್ದೆ. ಹಾಗೆ ನೋಡಿದ, ಅಂದರೆ ನಾನು ಕೇಳಿದ, ಒಂದು ಸಿನಿಮಾದಲ್ಲಿ ದಾರಿ ತಪ್ಪಿದ ನಾಯಿಯೊಂದಿತ್ತು. ಕೊನೆಯಲ್ಲಿ ಮಾತಿಲ್ಲ, ಬರೀ ಗಾಳಿಯ ಸದ್ದು. "ಏನಾಯ್ತಕ್ಕಾ?" ಎಂದು ಅವಳ ಕಾಲು ಹಿಡಿದು ಅಲ್ಲಾಡಿಸಿದೆ. "ಮನೆಗೆ ಬಂತು ಕಣೋ. ಬಾಗಿಲು ಕೆರೀತಿದೆ" ಎಂದಳು. ಆ ರಾತ್ರಿ ಸುಖವಾಗಿ ನಿದ್ದೆ ಮಾಡಿದೆ. ಎಷ್ಟೋ ವರ್ಷಗಳ ಮೇಲೆ, ಮದುವೆಯಾದ ಹೊಸತರಲ್ಲಿ, ಹೆಂಡತಿಯ ಜೊತೆ ಟಿಕೆಟ್ ಕೊಂಡು ಅದೇ ಸಿನಿಮಾಕ್ಕೆ ಹೋದೆ. ನಾಯಿ ಮನೆಗೆ ಬರುವುದೇ ಇಲ್ಲ. ಹಿಮದಲ್ಲಿ ಮಲಗುತ್ತದೆ, ಅದರ ಮೇಲೆ ಹಿಮ ಬೀಳುತ್ತದೆ. ಇದನ್ನು ನಾನು ಅಕ್ಕನಿಗೆ ಯಾವತ್ತೂ ಹೇಳಿರಲಿಲ್ಲ.

ಶುಕ್ರವಾರ ಸಂಜೆ ಮಗಳು ಪಾಳಿ ಬದಲಿಸಿಕೊಂಡು ಬಂದು ಕೂತಳು. ಅಕ್ಕ ತಲೆ ಬಾಚಿಕೊಂಡು, ಮೊಣಕಾಲ ಮೇಲೆ ಕೈಯಿಟ್ಟು, ಟಿವಿಯ ಬೆಳಕಿನ ಕಡೆಗೆ ಮುಖ ಮಾಡಿದ್ದಳು. ಬಟಾಣಿಯ ಬುಟ್ಟಿ ಹತ್ತಿರ ಇರಲಿಲ್ಲ.

ಡಾಕ್ಟರ ಪಾತ್ರದವನು "ಪಟ್ಟಿ ಬಿಚ್ಚಿದ ಮೇಲೆ ನಿಧಾನವಾಗಿ ಕಣ್ಣು ತೆಗೀರಿ" ಎಂದ. ಆಮೇಲೆ ಮಾತು ನಿಂತಿತು.

"ಹೇಳು" ಎಂದಳು ಅಕ್ಕ.

"ಪಟ್ಟಿ ಸುತ್ತು ಬಿಚ್ಚುತ್ತಿದ್ದಾರೆ. ಗಂಡ ಎದುರಿಗೆ ನಿಂತಿದ್ದಾನೆ. ಅತ್ತೆ ಬಾಗಿಲ ಹತ್ತಿರ. ಕೊನೆಯ ಸುತ್ತು ಬಂತು. ಹತ್ತಿ ತೆಗೆದರು."

"ಹೂಂ."

"ರೆಪ್ಪೆ ಅಲುಗಿತು. ತೆರೆದಳು."

ಆ ಹೆಣ್ಣಿನ ಕಣ್ಣು ಪರದೆಯ ತುಂಬ ಬಂತು. ಅಲುಗಾಡಲಿಲ್ಲ. ಒಂದು ಕೈ ಮೇಲೆದ್ದು ಗಂಡನ ಮುಖದ ಕಡೆಗೆ ಹೋಯಿತು, ಮುಟ್ಟುವ ಮೊದಲೇ ಗಾಳಿಯಲ್ಲಿ ನಿಂತಿತು. ನನ್ನ ಬಾಯಿ ಒಣಗಿಹೋಗಿತ್ತು. ಮಗಳು ನನ್ನನ್ನೇ ನೋಡುತ್ತಿದ್ದಳು.

"ಕಾಣ್ತು" ಎಂದೆ.

ಅಷ್ಟರಲ್ಲಿ ಮುಂದಿನ ಭಾಗ ಸೋಮವಾರ ಎಂದು ಅಕ್ಷರ ಬಿದ್ದು ಸೋಪಿನ ಜಾಹೀರಾತು ಶುರುವಾಯಿತು. ಮಗಳು "ನೋಡಿದ್ಯಾ ಅಮ್ಮಾ!" ಎಂದು ಚಪ್ಪಾಳೆ ತಟ್ಟಿದಳು. ಅಕ್ಕ ಅಲುಗಲಿಲ್ಲ.

"ಟಿವಿ ಆರಿಸು" ಎಂದಳು. ಆರಿಸಿದೆ. "ಅವಳು ಮೊದಲು ನೋಡಿದ್ದು ಏನನ್ನ?"

"ಗಂಡನ ಮುಖ."

"ಗಂಡನ ಮುಖ ನೋಡಿದ್ಲಾ. ಹಾಗಾದ್ರೆ ಪಿಟೀಲು ಯಾಕೆ ಅಳ್ತಿತ್ತು?"

ನಾನು ರಿಮೋಟು ಕೆಳಗಿಟ್ಟೆ.

"ಈ ಧಾರಾವಾಹಿಯವರಿಗೆ ಇರೋದೇ ಎರಡು ವಾದ್ಯ ಕಣೋ. ಒಳ್ಳೇದಾದ್ರೆ ಕೊಳಲು, ಕೆಟ್ಟದಾದ್ರೆ ಪಿಟೀಲು. ಮದುವೆಗೆ ಕೊಳಲು, ಮಗು ಹುಟ್ಟಿದರೆ ಕೊಳಲು. ಮಾವ ಸತ್ತಾಗ ಪಿಟೀಲು. ಇವತ್ತು ಪಿಟೀಲು ಕೊಯ್ದು ಹಾಕ್ತಿತ್ತು. ನಿನ್ನ ಗಂಟಲೋ, ಆ ವಕೀಲನ ಗಂಟಲಿನ ಹಾಗೆ ಒಣಗಿದೆ. ಡ್ರೈವರಮ್ಮ, ಮಾಮನಿಗೆ ಒಂದು ಲೋಟ ನೀರು ಕೊಡು."

ಮಗಳು ಎದ್ದವಳು ನೀರು ತರಲಿಲ್ಲ, ಅಡುಗೆಮನೆಯಲ್ಲೇ ನಿಂತುಬಿಟ್ಟಳು. ಮೂಗು ಸೀಟುವ ಸದ್ದು ಕೇಳಿಸಿತು.

"ಕೈ ಗಾಳೀಲಿ ನಿಂತುಬಿಡ್ತು ಅಕ್ಕ" ಎಂದೆ. "ಗಂಡನ ಮುಖದ ತನಕ ಹೋಯ್ತು, ಮುಟ್ಟಲಿಲ್ಲ. ಕಣ್ಣು ಅಲುಗಲಿಲ್ಲ."

"ಹೂಂ" ಎಂದಳು. ಎದ್ದು ಹೋಗುತ್ತಾಳೆ, ಎಲ್ಲ ಮುಗಿಯಿತು ಎಂದುಕೊಂಡೆ. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಕೂತೇ ಇದ್ದಳು. ನನ್ನ ಬಾಯಿಂದ ಆ ಮಾತು ಹೇಗೆ ಬಂತೋ.

"ಆ ನಾಯೀನೂ ಮನೆಗೆ ಬರಲಿಲ್ಲ, ಅಲ್ವಾ?"

ಅವಳು ಸೆರಗು ಸುತ್ತುವುದನ್ನು ಬಿಟ್ಟಳು. ಆಮೇಲೆ ತಲೆ ಮೇಲೆತ್ತಿದಳು. "ನಿನಗೆ ಯಾವಾಗ ಗೊತ್ತಾಯ್ತೋ?"

"ಮದುವೆಯಾದ ಮೇಲೆ. ಟಿಕೆಟ್ ಕೊಂಡು ನೋಡಿದೆ."

"ಇಷ್ಟು ವರ್ಷ ಬಾಯಿ ಬಿಡಲಿಲ್ವಲ್ಲೋ, ಪಾಪಿ!" ಎಂದು ಅವಳು ನಕ್ಕಳು. ಆ ನಗು ಬೇಗ ಆರಿತು. "ನೀನು ಅವತ್ತು ನನ್ನ ಕಾಲು ಹಿಡಿದು ಎಷ್ಟು ನಡುಗ್ತಿದ್ದೆ ಅಂದ್ರೆ, ಡ್ರಮ್ಮು ಅಲ್ಲಾಡ್ತಿತ್ತು. ಏನಂತ ಹೇಳೋದು ನಾನು?"

ಬೀದಿಯಲ್ಲಿ ಯಾರೋ ಗಾಡಿ ಶುರು ಮಾಡಿ ಹೋದರು. ಅಕ್ಕ ಕತ್ತಲಾಗಿದ್ದ ಟಿವಿಯ ಕಡೆಗೇ ಮುಖ ಮಾಡಿಕೊಂಡು ಕೇಳಿದಳು.

"ಧಾರಾವಾಹಿ ಹಾಳಾಗಿ ಹೋಗಲಿ. ನೀನು ಏನಂತೀಯ? ಕಣ್ಣಿನ ಮಾತಲ್ಲ. ನಿನ್ನ ಅಭಿಪ್ರಾಯ."

ಇಷ್ಟು ವರ್ಷದಲ್ಲಿ ಅವಳು ಅದನ್ನು ಕೇಳಿದ್ದೇ ಇಲ್ಲ. ನಾನು ಬಾಯಿಯಲ್ಲಿಲ್ಲದ ಗುಂಡುಸೂಜಿಗಳನ್ನು ತಡಕಿದೆ.

"ನನಗೆ ಹೆದರಿಕೆ ಆಗ್ತಿದೆ" ಎಂದೆ. "ಹೋದರೂ ಹೆದರಿಕೆ, ಹೋಗದಿದ್ರೂ ಹೆದರಿಕೆ. ಬೆಳಿಗ್ಗೆ ನಾನು ಕಿಟಕಿ ಪರದೆ ಸರಿಸಿದಾಗ ನೀನು ಮುಖ ತಿರುಗಿಸ್ತೀಯಲ್ಲ, ಅದೊಂದು ಇರಲಿ ಅಂತ ನನ್ನಾಸೆ. ಸುಮ್ನೆ ಕೂತ್ರೆ ಅದೂ ಹೋಗುತ್ತೆ ಅಂದ್ರಲ್ಲ ಡಾಕ್ಟರು. ಹೋಗೋಣ ಅಕ್ಕ. ಕಾಣಿಸದಿದ್ರೆ ನಾನು ಹೇಳ್ತೀನಿ. ಇದ್ದದ್ದನ್ನ ಇದ್ದ ಹಾಗೆ ಹೇಳ್ತೀನಿ."

ಅವಳು ಸೆರಗು ಕೊಡವಿ ಎದ್ದು ಮಲಗಲು ಹೋದಳು. ಭಾನುವಾರ ಮಧ್ಯಾಹ್ನ ಬೀರುವಿನ ಬಾಗಿಲು ಕಿರುಗುಟ್ಟಿತು. ನಾನು ಮಿಷನ್ನಿನಿಂದ ತಲೆ ಎತ್ತಲಿಲ್ಲ. ಚೀಲದ ಜಿಪ್ಪು ಎಳೆದ ಸದ್ದು ಮಾತ್ರ ಚೆನ್ನಾಗಿ ಕೇಳಿಸಿತು. ಅದು ನಾನೇ ಹಾಕಿದ ಜಿಪ್ಪು.

ಸೋಮವಾರ ಆಸ್ಪತ್ರೆಯಲ್ಲಿ ಅವಳಿಗೆ ಹಿಂದೆ ದಾರ ಕಟ್ಟುವ ಉದ್ದನೆಯ ಅಂಗಿ ಕೊಟ್ಟರು. ಅದರ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದಳು.

"ಹೇಗಿದೆಯೋ ಇದು?"

"ಹೊಲಿಗೆ ಸೊಟ್ಟಗಿದೆ. ಕೆಟ್ಟ ಕೆಲಸ."

"ನೋಡಮ್ಮ, ಒಂದು ಸಲ ಕೇಳಿದ್ದಕ್ಕೆ ಅಭಿಪ್ರಾಯ ಶುರುವೇ ಮಾಡ್ಕೊಂಡ" ಎಂದಳು ನರ್ಸಿಗೆ. ನನ್ನ ಕೈ ಹಿಡಿದಿದ್ದ ಅವಳ ಕೈ ತಣ್ಣಗಿತ್ತು. ಬಾಗಿಲ ಹತ್ತಿರ ಅದನ್ನು ಬಿಡಿಸಿ, ಹೋಗುವ ದಿಕ್ಕಿನಲ್ಲೇ ಮುಖವಿಟ್ಟುಕೊಂಡು ಒಳಗೆ ಹೋದಳು. ಮಗಳು ಔಷಧಿ ತರಲು ಕೆಳಗೆ ಓಡಿದಳು.

ಕಾಯುವ ಜಾಗದಲ್ಲಿ ಗೋಡೆಯ ಮೇಲೆ ಒಂದು ಟಿವಿ ಇತ್ತು. ರೋಗಿಗಳಿಗೆ ತೊಂದರೆ ಆಗಬಾರದೆಂದು ಸದ್ದು ತೆಗೆದಿದ್ದರು. ತಲೆ ಎತ್ತಿದರೆ ಅದೇ ಧಾರಾವಾಹಿ, ಶುಕ್ರವಾರದ್ದನ್ನೇ ಮತ್ತೆ ಹಾಕಿದ್ದರು. ಪಟ್ಟಿ ಬಿಚ್ಚಿದರು. ರೆಪ್ಪೆ ಅಲುಗಿತು. ಕೈ ಮೇಲೆದ್ದಿತು, ಗಂಡನ ಮುಖದ ತನಕ ಹೋಗಿ ಗಾಳಿಯಲ್ಲಿ ನಿಂತಿತು.

ನಾನು ಕುರ್ಚಿಯ ಅಂಚಿಗೆ ಬಂದು ಕೂತೆ. ಪಿಟೀಲಿಲ್ಲದೆ ಅದು ಬೇರೆಯೇ ಕಾಣುತ್ತಿತ್ತು. ಕಾಣದೆ ನಿಂತ ಕೈಯೋ, ಕಂಡು ನಂಬಲಾರದೆ ನಿಂತ ಕೈಯೋ ಹೇಳುವಂತಿರಲಿಲ್ಲ. ಶುಕ್ರವಾರ ನಾನು ಸುಳ್ಳು ಹೇಳಿದೆನೋ ನಿಜ ಹೇಳಿದೆನೋ ನನಗೇ ತಿಳಿಯಲಿಲ್ಲ.

"ಸೌಂಡ್ ಹಾಕಲಾ ಅಜ್ಜ?" ಎಂದು ಮೇಜಿನ ಹಿಂದೆ ಕೂತಿದ್ದ ಹುಡುಗಿ ಕೇಳಿದಳು.

"ಬೇಡಮ್ಮ" ಎಂದೆ.

ಪಕ್ಕದ ಕುರ್ಚಿಯಲ್ಲಿ ಅಕ್ಕನ ಸ್ವೆಟರು ಮಡಿಸಿಟ್ಟಿತ್ತು. ಒಳಗಿನ ಬಾಗಿಲು ಮುಚ್ಚಿಯೇ ಇತ್ತು. ಅದರ ಆಚೆ ಏನು ನಡೆಯುತ್ತಿದೆ ಎಂದು ನನಗೆ ನೋಡಿ ಹೇಳುವವರು ಯಾರೂ ಇರಲಿಲ್ಲ. ಗೋಡೆಗೆ ಕಿವಿಯಿಟ್ಟ ಹುಡುಗನ ಹಾಗೆ ಕೂತು ಕೇಳಿಸಿಕೊಂಡೆ. ಚಕ್ರದ ಗಾಡಿ ಒಂದು ಉರುಳಿ ಹೋಯಿತು. ಯಾರೋ ನಲ್ಲಿ ತಿರುಗಿಸಿ ಕೈ ತೊಳೆದರು.