ಮಂತ್ರಿ ನೋಡ್ಕ

ಕಂಪ್ಯೂಟರನ್ನು ಚದುರಂಗದಲ್ಲಿ ಸೋಲಿಸಿದ ದಿನದಿಂದ ಸಿದ್ದಾಪುರದ ಹಲ್ಲಿನ ಡಾಕ್ಟರು ಕಮಲಾಕರ ಹೆಗಡೆಯವರ ಕಾಲು ನೆಲದ ಮೇಲಿರಲಿಲ್ಲ. ರೋಗಿ ಬಾಯಿ ಕಳೆದು ಕೂತರೆ ಸಾಕು, ಆ ಆಟದ ಕತೆ ಶುರು. ಬಾಯಿ ತುಂಬ ಹತ್ತಿ ಇಟ್ಟುಕೊಂಡವ ಪಾಪ ಏನೆಂದಾನು, ಹೂಂ ಎನ್ನುತ್ತಿದ್ದ.

ಹಿಗ್ಗದೆ ಮತ್ತೇನು ಮಾಡುತ್ತಾರೆ ಹೇಳಿ. ಒಂದು ಕಾಲಕ್ಕೆ ಸುತ್ತಿನ ಮೂರು ತಾಲ್ಲೂಕಿನಲ್ಲಿ ಅವರೆದುರು ಕೂರುವವರೇ ಇರಲಿಲ್ಲ. ಈಚೆಗೆ ಶಿರಸಿಗೆ ಹೋದರೂ ಸೋಲು, ಯಲ್ಲಾಪುರಕ್ಕೆ ಹೋದರೂ ಸೋಲು. ತನ್ನ ಕಾಲ ಮುಗಿಯಿತೆಂದು ಒಳಗೊಳಗೇ ಕೊರಗುತ್ತಿದ್ದ ಮನುಷ್ಯ. ಅಂಥದ್ದರಲ್ಲಿ, ಶಿರಸಿಯ ಕಾಲೇಜಿನಲ್ಲಿ ಪಾಠ ಮಾಡುವ ಸಮೃದ್ಧಿ ತಯಾರಿಸಿದ ಯಂತ್ರ, ಉಳಿದವರಿಗೆಲ್ಲ ಮಣ್ಣು ಮುಕ್ಕಿಸಿದ ಯಂತ್ರ, ಇವರೊಬ್ಬರಿಗೆ ಶರಣಾಗಿತ್ತು. ಆಟಗಾರರೆಲ್ಲ ಸೇರುವುದು ಶಿರಸಿಯಲ್ಲಿ ನಾಗಪತಿಯ ಪುಸ್ತಕದಂಗಡಿಯ ಮಾಳಿಗೆಯಲ್ಲಿ. ನಾಗಪತಿ ಅಲ್ಲೇ ಭಾನುವಾರ ಡಾಕ್ಟರಿಗೆ ಸನ್ಮಾನ ಇಟ್ಟುಬಿಟ್ಟಿದ್ದ. ಶಾಲೂ ತಂದಾಗಿತ್ತು.

ಆದರೆ ಡಾಕ್ಟರಿಗೆ ಮಾತ್ರ ಗೊತ್ತಿದ್ದ ಸಂಗತಿಯೊಂದಿತ್ತು. ಆಟದ ನಡುವೆ ಅವರು ತಮ್ಮ ಮಂತ್ರಿಯನ್ನು ಯಂತ್ರದ ಆನೆಯ ದಾರಿಯಲ್ಲಿ ಕಾವಲಿಲ್ಲದೆ ಬಿಟ್ಟಿದ್ದರು. ಕೈ ತೆಗೆದ ಮೇಲೆ ಕಂಡಿತು. ಯಂತ್ರ ಹೊಡೆಯಲಿಲ್ಲ! ಮೂಲೆಯ ಪದಾತಿಯೊಂದನ್ನು ಸುಮ್ಮನೆ ಮುಂದೆ ತಳ್ಳಿತು. ಮಂತ್ರಿ ಪಾರಾಯಿತು, ಡಾಕ್ಟರು ಗೆದ್ದರು. ನೋಡುತ್ತಿದ್ದವರು ಅದನ್ನೊಂದು ಮಹಾ ತಂತ್ರವೆಂದು ಕೊಂಡಾಡಿದರು. ಡಾಕ್ಟರು ಅಲ್ಲವೆನ್ನಲಿಲ್ಲ.

ಶನಿವಾರ ಸಮೃದ್ಧಿ ಲ್ಯಾಪ್‌ಟಾಪ್ ಹಿಡಿದು ದವಾಖಾನೆಗೇ ಬಂದಳು. ಯಂತ್ರ ಎಲ್ಲಿ ಎಡವಿತೆಂದು ಗೆದ್ದವರ ಜೊತೆಗೇ ಕೂತು ನೋಡಬೇಕಂತೆ. ಊರವರ ಹಲ್ಲು ಕೀಳುವವರಿಗೆ ತಮ್ಮ ಹಲ್ಲು ಕೀಳಿಸಿಕೊಳ್ಳುವ ಸರದಿ. ಒಂದೊಂದೇ ನಡೆ ದಾಟಿ ಆ ನಡೆ ಬಂದೇಬಂತು.

"ಇಲ್ಲಿ ನಿಂಗಳ ಮಂತ್ರಿ ಪುಕ್ಕಟೆ ಸಿಕ್ತಿತ್ತು. ಇದು ಎಂತಕ್ಕೆ ಹೊಡದ್ದಿಲ್ಲೆ?" ಎಂದಳು ಸಮೃದ್ಧಿ.

ಡಾಕ್ಟರು ಕನ್ನಡಕ ಒರೆಸತೊಡಗಿದರು. ಅವಳು ಕೀಲಿ ಒತ್ತುತ್ತ ಹುಡುಕಿದಳು. ಯಂತ್ರಕ್ಕೆ ಆಟ ಕಲಿಸಲು ಅವಳು ಕೊಟ್ಟದ್ದು ಮಾಳಿಗೆಯಲ್ಲಿ ವರ್ಷಗಟ್ಟಲೆ ಆಡಿದ ಆಟಗಳನ್ನು. ಮಂತ್ರಿಯನ್ನು ಪುಕ್ಕಟೆ ಹೊಡೆದ ಆಟ ಅದರಲ್ಲಿ ಒಂದೂ ಇರಲಿಲ್ಲ. ಇಷ್ಟು ವರ್ಷದಲ್ಲಿ ಯಾರೂ ಮಂತ್ರಿಯನ್ನು ತಪ್ಪಿ ಬಿಟ್ಟೇ ಇಲ್ಲವೇ ಎಂದು ಕೇಳಿದಳು.

ಬಿಡದೇ ಏನು, ದಿನಾ ಬಿಡುತ್ತಾರೆ ಎಂದರು ಡಾಕ್ಟರು. ಆದರೆ ಮಾಳಿಗೆಯ ಪದ್ಧತಿಯೇ ಬೇರೆ. ಎದುರಿನವನ ಮಂತ್ರಿ ಕಾವಲಿಲ್ಲದೆ ಸಿಕ್ಕರೆ "ಮಂತ್ರಿ ನೋಡ್ಕ" ಎಂದು ಎಚ್ಚರಿಸಬೇಕು, ಅವನು ನಡೆ ಹಿಂದೆಗೆಯಬೇಕು. ಸದ್ದಿಲ್ಲದೆ ಹೊಡೆಯುವುದೆಂದರೆ ಊಟಕ್ಕೆ ಕೂತವನ ಬಾಳೆಲೆ ಎಳೆದ ಹಾಗೆ. ಹಿಂದೆಗೆದ ನಡೆಯನ್ನು ಯಾರೂ ಬರೆದಿಡುವುದಿಲ್ಲ. ಈ ಪದ್ಧತಿ ಹಾಕಿಕೊಟ್ಟವರು ಸಾಕ್ಷಾತ್ ಕಮಲಾಕರ ಹೆಗಡೆಯವರೇ.

ಸಮೃದ್ಧಿ ಬಿದ್ದುಬಿದ್ದು ನಕ್ಕಳು. ಹೊಸದಾಗಿ ಕಲಿಸಲು ತಿಂಗಳು ಬೇಕು ಎಂದಳು. ಡಾಕ್ಟರಿಗೆ ನಗು ಬರಲಿಲ್ಲ. ಗೆದ್ದದ್ದು ತಾನಲ್ಲ, ತನ್ನ ಪದ್ಧತಿ ಎಂದಾಯಿತಲ್ಲ.

"ನಾಳೆ ಸನ್ಮಾನಕ್ಕಿಂತ ಮೊದ್ಲು ಇದರ ಜೊತಿಗೆ ಇನ್ನೊಂದಾಟ ಆಡ್ತೆ," ಎಂದರು. "ನಿಜವಾಗಿ ಗೆದ್ರೆ ಮಾತ್ರ ಶಾಲು."

ಭಾನುವಾರ ಮಾಳಿಗೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪರದೆಯ ಮೇಲೆ ಯಂತ್ರ ತೋರಿಸಿದಂತೆ ಸಮೃದ್ಧಿ ಅದರ ಕಾಯಿ ನಡೆಸುತ್ತಿದ್ದಳು. ಆಟ ಬಿಗಿಯಾಗಿಯೇ ಸಾಗಿತ್ತು. ಅಷ್ಟರಲ್ಲಿ ಯಂತ್ರ ತನ್ನ ಮಂತ್ರಿಯನ್ನು ತಂದು ಡಾಕ್ಟರ ಕುದುರೆಯ ಬಾಯಿಗೇ ಇಟ್ಟಿತು. ಮಂತ್ರಿಯನ್ನು ಹೊಡೆಯುತ್ತಾರೆಂದೇ ಗೊತ್ತಿಲ್ಲದ್ದು ಕಾವಲನ್ನಾದರೂ ಯಾಕೆ ಇಟ್ಟೀತು? ಸಮೃದ್ಧಿ ತುಟಿ ಕಚ್ಚಿಕೊಂಡಳು.

ಡಾಕ್ಟರ ಕೈ ಕುದುರೆಯತ್ತ ಹೋಯಿತು. ಹೊಡೆದರೆ ಆಟ ಮುಗಿಯಿತು. ಯಂತ್ರಕ್ಕೇನು ಮಾನವೇ ಮರ್ಯಾದೆಯೇ, ಯಾರೂ ಆಡಿಕೊಳ್ಳುವವರಿಲ್ಲ. ನಾಗಪತಿಯಂತೂ ಶಾಲನ್ನು ಕವರಿನಿಂದ ತೆಗೆದೇಬಿಟ್ಟಿದ್ದ. ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತು ತೊಡೆಯ ಮೇಲೆ ವಾಪಸು ಬಂತು.

"ಮಂತ್ರಿ ನೋಡ್ಕ ಮಾರಾಯ," ಎಂದರು ಡಾಕ್ಟರು, ಪರದೆಯ ಕಡೆ ಬಗ್ಗಿ.

ಸಮೃದ್ಧಿ ನಡೆ ಹಿಂದೆಗೆದು ಯಂತ್ರದಿಂದ ಬೇರೆ ನಡೆ ಕೇಳಿದಳು. ಆಮೇಲೆ ಡಾಕ್ಟರು ಆಡಿದರು ನೋಡಿ, ಪ್ರಾಯದಲ್ಲಿ ಆಡುತ್ತಿದ್ದಂತೆ, ಊಟದ ಹೊತ್ತು ಮೀರುವ ತನಕ. ಕೊನೆಗೆ ಒಂದೇ ಒಂದು ಪದಾತಿ ಹೆಚ್ಚಾಗಿ ಯಂತ್ರ ಗೆದ್ದಿತು. ಶಾಲು ಮತ್ತೆ ಕವರಿನೊಳಗೆ ಹೋಯಿತು. ಡಾಕ್ಟರು ನಾಗಪತಿಯನ್ನೇ ಸಮಾಧಾನ ಮಾಡಿ, ಅವನ ಮನೆಯಲ್ಲೇ ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡರು.

ಸೋಮವಾರ ಬೆಳಿಗ್ಗೆ ಮೊದಲ ರೋಗಿ ಬಾಯಿ ಕಳೆದು ಕೂತ. ಡಾಕ್ಟರು ಹತ್ತಿ ತುಂಬಿ ಕತೆ ಶುರುಮಾಡಿದರು. ಮೊದಲ ಆಟದಲ್ಲಿ ತಾನು ಮಂತ್ರಿಯನ್ನು ತಪ್ಪಿ ಬಿಟ್ಟಿದ್ದರಿಂದ ಹಿಡಿದು, ಎರಡನೆಯದರಲ್ಲಿ ಸೋತ ತನಕ, ಒಂದು ನಡೆಯನ್ನೂ ಬಿಡದೆ ಹೇಳಿದರು.