ಮೂಲೆಗಲ್ಲಿನ ಪಾಲುದಾರರು

ಪ್ರಾರ್ಥನಾ ಮಂದಿರದ ಗೋಡೆ ಕಟ್ಟಲು ಪಾದ್ರಿ ಮೇಸ್ತ್ರಿಯ ಜೊತೆ ಅವನ ತಮ್ಮನನ್ನೂ ಕರೆಸಿದ್ದರು. ಅದು ತಿಳಿದಾಗ ಮೇಸ್ತ್ರಿಗೆ ಪಿತ್ತ ನೆತ್ತಿಗೇರಿತು. ಹಿಂದೊಮ್ಮೆ ಯಾವುದೋ ಗೋಡೆ ಬಿರುಕು ಬಿಟ್ಟ ನೆಪಕ್ಕೆ ಆ ತಮ್ಮನನ್ನು ಹತ್ತು ಜನರ ಎದುರು ಉಗಿದು ಕೆಲಸದಿಂದ ಓಡಿಸಿದವನು ಈ ಅಣ್ಣನೇ. ಅಂದಿನಿಂದ ಇಬ್ಬರೂ ಹಾವು ಮುಂಗುಸಿ. ಕೊನೆಗೆ ಒಂದು ಗೋಡೆ ಅಣ್ಣನಿಗೆ, ಅದಕ್ಕೆ ಸೇರುವ ಗೋಡೆ ತಮ್ಮನಿಗೆ ಎಂದಾಯಿತು. ಮೂಲೆಗಲ್ಲನ್ನು ಮಾತ್ರ ಅಣ್ಣ ತಾನೇ ಕೂರಿಸಿದ.

"ಯೇಸುವಿಗೆ ಮೂಲೆಗಲ್ಲು ಅಂತ ಹೆಸರಿದೆ," ಎಂದರು ಪಾದ್ರಿ. "ಕಟ್ಟೋರು ಬೇಡ ಅಂತ ಬಿಸಾಕಿದ ಕಲ್ಲೇ ಮೂಲೆಗಲ್ಲಾಯ್ತು."

ತಮ್ಮ ನಕ್ಕ. "ಬಿಸಾಕಿದೋರು ಇಲ್ಲೇ ನಿಂತಿದ್ದಾರೆ, ನೋಡ್ಕೊಳ್ಳಿ."

"ಬಾಯಿ ಮುಚ್ಚೋ! ಮೂಲೆಗಲ್ಲು ಅಂದ್ರೆ ಯಜಮಾನ. ಗೋಡೆಯೆಲ್ಲಾ ಅದು ಹೇಳಿದ ಹಾಗೆ ಕೇಳ್ಬೇಕು."

"ಎರಡೂ ಗೋಡೆನ ಹೊರೋದೂ ಅದೇ ಅಲ್ವಾ ಮೇಸ್ತ್ರಿ?" ಎಂದರು ಪಾದ್ರಿ. ಮೇಸ್ತ್ರಿ ಕೇಳಿಯೂ ಕೇಳದವನಂತೆ ಕರಣೆ ಎತ್ತಿಕೊಂಡ.

ಮೂಲೆಯಲ್ಲಿ ಒಂದು ಸಾಲಿಗೆ ಈ ಗೋಡೆಯ ಕಲ್ಲು ಆ ಗೋಡೆಯೊಳಕ್ಕೆ, ಮುಂದಿನ ಸಾಲಿಗೆ ಆ ಗೋಡೆಯದು ಈ ಗೋಡೆಯೊಳಕ್ಕೆ ಹೋಗಬೇಕು, ಬೆರಳಿಗೆ ಬೆರಳು ಹೆಣೆದ ಹಾಗೆ. ಇಲ್ಲದಿದ್ದರೆ ಮೂಲೆ ಬಾಯಿ ಬಿಟ್ಟು ಒಂದು ದಿನ ಯಾರ ಮೇಲಾದರೂ ಕುಸಿಯುತ್ತದೆ. ಮೇಸ್ತ್ರಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಆ ಕತ್ತೆಯ ಗೋಡೆಗೆ ತನ್ನ ಕಲ್ಲು ಚಾಚುವುದೇ? ಹಠಕ್ಕೆ ಬಿದ್ದು ತನ್ನ ತುದಿಯನ್ನು ನೇರವಾಗಿ, ನುಣ್ಣಗೆ ಮುಗಿಸುತ್ತಾ ಬಂದ. ಅವನೂ ಹಾಗೇ ಮಾಡಿರುತ್ತಾನೆ ಎಂದುಕೊಂಡು ಆ ಕಡೆ ತಿರುಗಿಯೂ ನೋಡಲಿಲ್ಲ.

ಗೋಡೆ ಎದೆಯೆತ್ತರಕ್ಕೆ ಬಂದಾಗ ಅವರ ಅಮ್ಮ ನೋಡಲು ಬಂದಳು. ಮೂಲೆಗೆ ಬೆನ್ನು ಆನಿಸಿ ಕೂತು, "ಪ್ರಾರ್ಥನೆಗೆ ಬಂದಾಗ ನಂಗೆ ಈ ಜಾಗವೇ ಇರ್ಲಿ. ಇಬ್ಬರು ಮಕ್ಕಳ ಗೋಡೆನೂ ಬೆನ್ನಿಗಿರುತ್ತೆ," ಎಂದಳು.

ಮೇಸ್ತ್ರಿಗೆ ತಾನು ನುಣ್ಣಗೆ ಮುಗಿಸಿದ ತುದಿ ನೆನಪಾಯಿತು. ಅಮ್ಮನನ್ನು ಎಬ್ಬಿಸಿ ದೂರ ಕೂರಿಸಿ ಬಂದು ನೋಡಿದ. ತಮ್ಮನ ಗೋಡೆಯ ತುದಿಯಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಗೂಡು. ಅಣ್ಣನ ಕಲ್ಲಿಗೆಂದು ಬುಡದಿಂದಲೂ ಜಾಗ ಬಿಟ್ಟುಕೊಂಡೇ ಬಂದಿದ್ದಾನೆ.

ಅವಮಾನದಿಂದ ಮೇಸ್ತ್ರಿಯ ಮೈಯೆಲ್ಲ ಉರಿಯಿತು. "ಯಾರು ಕೇಳಿದ್ರೋ ನಿನ್ನನ್ನ?"

"ಯಾರೂ ಕೇಳ್ಲಿಲ್ಲ. ನಿನ್ನ ಮುಖ ಕಂಡ್ರೆ ನನಗೆ ಆಗಲ್ಲ. ಆದ್ರೆ ಗೋಡೆ ನಿಲ್ಬೇಕಲ್ಲ? ಬೇಡ ಅಂದ್ರೆ ಗಾರೆ ಮೆತ್ತಿ ಮುಚ್ಚು."

ಮೇಸ್ತ್ರಿ ಸುತ್ತಿಗೆ ಎತ್ತಿದ. ಅಮ್ಮ ಕಿರುಚಿದಳು. ಏಟು ಬಿದ್ದದ್ದು ಅವನದೇ ಗೋಡೆಯ ತುದಿಗೆ; ತಮ್ಮನ ಗೂಡಿನ ಎದುರಿದ್ದ ನುಣ್ಣನೆಯ ಕಲ್ಲು ಕಳಚಿ ಬಿತ್ತು.

"ಒಂದು ಮಾತಾಡಿದ್ರೆ ಮುಂದಿನ ಏಟು ನಿನಗೆ," ಎಂದು ಹಲ್ಲು ಕಡಿದ.

ತಮ್ಮ ಕಲ್ಲಿನ ರಾಶಿಯತ್ತ ನಡೆದ. ಗೂಡಿಗೆ ಹೊಂದುವ ಉದ್ದನೆಯ ಕಲ್ಲು ಹುಡುಕತೊಡಗಿದ.